ಬಿಸಿಲಿನ ಬಾಕಿ

ಈ ವಾರ ನಮ್ಮ ಕಾಕಾ ಅವರ ಮೂಗಿನ ವಿಷಯ ಬರೆಯಬೇಕೆಂದು ಕುಳಿತಿದ್ದೇನೆ. ವಾಚಕರು ನಗಬಾರದು. ಮೂಗಿನ ವಿಷಯವಾಗಿ ಕವಿಗಳೂ ಬರೆದಿದ್ದಾರೆ, ಸಂಪಿಗೆಯ ಎಸಳಿಗೆ ಹೋಲಿಸಿದ್ದಾರೆ. ಆದರೆ ಅವರು ಕಂಡದ್ದೆಲ್ಲ ಹದಿನಾರರ ಹರೆಯದವರ ಮೂಗು. ನಮ್ಮ ಕಾಕಾ 72 ವರುಷದವರು. ಜಮಖಂಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ ಅವರದು ಆರು ಎಕರೆ ಕಬ್ಬು. ಅವರ ಮೂಗಿನ ಎಡಮಗ್ಗುಲಿಗೆ, ಕಣ್ಣಿನ ಮೂಲೆಯಿಂದ ಒಂದು ಬೆರಳಿನಷ್ಟು ಕೆಳಗೆ, ಈಗ ಒಂದು ನಯವಾದ ಗೆರೆಯುಂಟು. ಅದು ಶಸ್ತ್ರಕ್ರಿಯೆಯ ಗುರುತು. ಆ ಗೆರೆಗಿಂತ ಮೊದಲು ಅಲ್ಲಿ ಏನಿತ್ತು, ಅದು ಎಲ್ಲಿಂದ ಬಂದಿತು, ಅದನ್ನು ತೆಗೆಸಿದ ಮೇಲೆ ಕಾಕಾ ಹೇಗೆ ಬದುಕುತ್ತಿದ್ದಾರೆ ಎಂಬುದೇ ಈ ವಾರದ ಮಾತು.

ಮೊದಲು ಅದು ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ. ನಮ್ಮ ಚಿಗವ್ವ ಅದನ್ನು ಮಚ್ಚೆಯೆಂದೇ ತಿಳಿದಿದ್ದಳು. ಮುಪ್ಪಿನಲ್ಲಿ ಮುಖದ ಮೇಲೆ ಮಚ್ಚೆ ಮೂಡಿದರೆ ಮನೆಗೆ ಐಶ್ವರ್ಯ ಬರುವುದೆಂದು ಅವಳ ನಂಬಿಕೆ. ಐಶ್ವರ್ಯದ ದಾರಿ ಕಾಯುತ್ತ ಒಂದು ವರುಷ ಕಳೆಯಿತು. ಚುಕ್ಕೆ ತೊಗರಿಕಾಳಿನಷ್ಟಾಯಿತು. ಅದರ ಅಂಚು ಸಣ್ಣ ಮಣಿಗಳನ್ನು ಪೋಣಿಸಿದಂತೆ ಹೊಳೆಯತೊಡಗಿತು. ನಡುವೆ ತಗ್ಗು ಬಿದ್ದಿತು. ನೋವಿಲ್ಲ, ತುರಿಕೆಯಿಲ್ಲ. ಮುಖ ಒರೆಸಿಕೊಳ್ಳುವಾಗ ಟವೆಲು ತಾಗಿದರೆ ರಕ್ತ ಒಸರುವುದು, ಹಕ್ಕಳೆ ಕಟ್ಟುವುದು, ಹಕ್ಕಳೆ ಉದುರಿ ಇನ್ನೇನು ಮಾಯಿತು ಎನ್ನುವಷ್ಟರಲ್ಲಿ ಮತ್ತೆ ಒಸರುವುದು. ಅರಿಸಿನವಾಯಿತು, ಬೇವಿನ ಎಣ್ಣೆಯಾಯಿತು, ಯಾರೋ ಹೇಳಿದರೆಂದು ಸುಣ್ಣವೂ ಆಯಿತು. ಪೇಟೆಯ ವೈದ್ಯರೊಬ್ಬರು ಗಜಕರ್ಣವೆಂದು ಮುಲಾಮು ಬರೆದುಕೊಟ್ಟರು. ಎಂಟು ತಿಂಗಳು ಅದೂ ಆಯಿತು. ಅವರನ್ನು ದೂರುವ ಅಧಿಕಾರ ನನಗಿಲ್ಲ. ಪತ್ರಿಕೆಗೆ ಬರೆದು ಹೊಟ್ಟೆ ಹೊರೆಯುವ ನಾನೂ ಎರಡು ದೀಪಾವಳಿ ಅವರ ಎದುರಿಗೆ ಕುಳಿತು ಊಟಮಾಡಿ, ಆ ಹುಣ್ಣನ್ನು ನೋಡಿ, ಏನೂ ಅನ್ನದೆ ಎದ್ದು ಬಂದವನು.

ಮೂರನೆಯ ವರುಷ ಕಾಕಾ ಅವರೇ ಅದನ್ನು ಮುಚ್ಚತೊಡಗಿದರು. ಕಾರಣ, ಮೊಮ್ಮಗಳ ಮದುವೆ. ಬೀಳಗಿಯ ಕಡೆಯ ವರ, ಬೀಗರಾಗತಕ್ಕವರು ಮನೆ ನೋಡಲು ಬಂದಾಗ ಹಿರಿಯರೊಬ್ಬರು, “ಮಾರಿ ಮ್ಯಾಲ ಅದೇನಾಗೇತ್ರೀ?” ಎಂದು ಕೇಳಿಯೇ ಬಿಟ್ಟರು. “ಕಬ್ಬಿನ ರವದಿ ಗೀರೇತ್ರೀ” ಎಂದರು ಕಾಕಾ. ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಹೇಳಿದ ಒಂದು ಸುಳ್ಳು ಇಷ್ಟು ಸಣ್ಣದು. ಮನೆತನದಲ್ಲಿ ಕೆಟ್ಟ ರೋಗವಿದೆಯೆಂಬ ಮಾತು ಹುಟ್ಟಿದರೆ ಹುಡುಗಿಯ ಗತಿಯೇನು ಎಂಬ ಅಂಜಿಕೆ. ಅಕ್ಷತೆ ಬೀಳುವವರೆಗೆ ದವಾಖಾನೆಯ ಹೆಸರೆತ್ತಲಿಲ್ಲ. ಅಷ್ಟರಲ್ಲಿ ಒಟ್ಟು ನಾಲ್ಕು ವರುಷ ತುಂಬಿದ್ದವು.

ನಮ್ಮ ಸೀಮೆಯವರಿಗೆ ದೊಡ್ಡ ರೋಗವೆಂದರೆ ತಲೆಮಾರುಗಳಿಂದ ಮಿರಜಿನ ದಾರಿಯೇ. ನಾವೂ ಅಲ್ಲಿಗೇ ಹೋದೆವು. ವೈದ್ಯರು ಭೂತಗನ್ನಡಿಯಿಂದ ನೋಡಿ, ಒಂದು ಸಣ್ಣ ತುಣುಕನ್ನು ಪರೀಕ್ಷೆಗೆ ಕಳುಹಿದರು. ವಾರದ ಮೇಲೆ ಉತ್ತರ ಬಂತು: ಚರ್ಮದ ಕ್ಯಾನ್ಸರ್. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ತಂಬಾಕ ತಿಂದಾಂವಲ್ಲ, ಬೀಡಿ ಸೇದಿದಾಂವಲ್ಲ. ನನಗ್ಯಾಕ ಬಂತ್ರೀ ಸಾಹೇಬ್ರ?” ಎಂದರು. ವೈದ್ಯರು ಮರಾಠಿ ಬೆರೆತ ಕನ್ನಡದಲ್ಲಿ, ಹೊಲದಲ್ಲಿ ಎಷ್ಟು ವರುಷ ದುಡಿದಿರಿ ಎಂದು ಕೇಳಿದರು. ಹನ್ನೆರಡನೆಯ ವಯಸ್ಸಿನಿಂದ ಎಂದು ಉತ್ತರ. ವೈದ್ಯರು ಕಿಟಕಿಯ ಹೊರಗಿನ ಬಿಸಿಲನ್ನು ಕೈಮಾಡಿ ತೋರಿಸಿದರು.

ಇದನ್ನು ನಂಬುವುದು ಕಾಕಾ ಅವರಿಗಷ್ಟೇ ಅಲ್ಲ, ನನಗೂ ಕಷ್ಟವಾಯಿತು. ಬಿಸಿಲಿಗೆ ಬರುವ ಚರ್ಮದ ಕ್ಯಾನ್ಸರ್ ಬಿಳಿಯರ ರೋಗ, ಆಸ್ಟ್ರೇಲಿಯದವರ ರೋಗ ಎಂದೇ ಕೇಳಿದ್ದೆವಷ್ಟೆ. ಆ ಮಾತಿನಲ್ಲಿ ಸತ್ಯವಿದೆ. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚು. ಬಣ್ಣವನ್ನು ತಯಾರಿಸುವ ಕೋಶಗಳ ಸಂಖ್ಯೆ ಬಿಳಿಯರಲ್ಲಿಯೂ ನಮ್ಮಲ್ಲಿಯೂ ಹೆಚ್ಚುಕಡಿಮೆ ಒಂದೇ. ನಮ್ಮ ಕೋಶಗಳು ಹೆಚ್ಚು ಬಣ್ಣವನ್ನು ತಯಾರಿಸಿ ಅದನ್ನು ನೆರೆಯ ಕೋಶಗಳಿಗೆ ಹಂಚುತ್ತವೆ, ಅಷ್ಟೇ ಭೇದ. ಆ ಬಣ್ಣ ಒಂದೊಂದು ಕೋಶದ ನೆತ್ತಿಯ ಮೇಲೂ ಕೊಡೆಯಂತೆ ಹರಡಿ ನಿಲ್ಲುವುದು. ಆದುದರಿಂದಲೇ ನಮ್ಮ ದೇಶದ ಕ್ಯಾನ್ಸರ್ ರೋಗಿಗಳಲ್ಲಿ ಚರ್ಮದ ಕ್ಯಾನ್ಸರಿನವರು ಬಹಳ ಕಡಿಮೆ. ಆದರೆ ಕಡಿಮೆಯೆಂದರೆ ಇಲ್ಲವೆಂದಲ್ಲ. ತೂತಿಲ್ಲದ ಕೊಡೆ ಯಾವುದು? ಮೇಲಾಗಿ, ಕಡಿಮೆಯಾದ್ದರಿಂದಲೇ ನಮ್ಮಲ್ಲಿ ಯಾರಿಗೂ ಅದರ ಸಂಶಯ ಬರುವುದಿಲ್ಲ. ಬಿಳಿಯರಲ್ಲಿ ಈ ಗಂಟು ಹವಳದ ಬಣ್ಣದಲ್ಲೋ ಮುತ್ತಿನ ಬಣ್ಣದಲ್ಲೋ ಕಾಣುವುದು. ನಮ್ಮಲ್ಲಿ ಅನೇಕ ಸಲ ಕಪ್ಪಾಗಿಯೇ ಕಾಣುವುದು. ಮಚ್ಚೆಯೆಂದು ಚಿಗವ್ವ ಅಂದದ್ದರಲ್ಲಿ ತಪ್ಪೇನು?

ಕಾಕಾ ಅವರಿಗೆ ಬಂದದ್ದು ಚರ್ಮದ ಮೇಲ್ಪದರದ ತೀರ ಕೆಳಗಿನ ಸಾಲಿನ ಕೋಶಗಳಿಗೆ ಸಂಬಂಧಪಟ್ಟದ್ದು. ಬೇಸಲ್ ಸೆಲ್ ಕಾರ್ಸಿನೋಮ ಎಂದು ವೈದ್ಯರ ಹೆಸರು. 1827ರಲ್ಲಿ ಡಬ್ಲಿನ್ನಿನ ಆರ್ಥರ್ ಜೇಕಬ್ ಎಂಬ ವೈದ್ಯನು ಇದನ್ನು ವರ್ಣಿಸಿದನು. ಇಲಿ ಕಡಿದಂತೆ ಮೆಲ್ಲಮೆಲ್ಲನೆ ತಿಂದು ಹಾಕುವುದರಿಂದ ಹಳೆಯ ಆಂಗ್ಲ ವೈದ್ಯರು ಇದಕ್ಕೆ ಇಲಿಯ ಹೆಸರನ್ನೇ ಇಟ್ಟಿದ್ದರು. ಇದು ದೂರದ ಅಂಗಗಳಿಗೆ ಹಬ್ಬುವುದು ತೀರ ಅಪರೂಪ. ಆದರೆ ಬಿಟ್ಟರೆ ಇದ್ದಲ್ಲಿಯೇ ಮೂಗನ್ನೂ ರೆಪ್ಪೆಯನ್ನೂ ಎಲುಬನ್ನೂ ಬಿಡುವುದಿಲ್ಲ. ಬೇಗನೆ ಕಂಡುಹಿಡಿದು ಪೂರ್ತಿಯಾಗಿ ತೆಗೆದರೆ ಬಹುಪಾಲು ಜನ ಗುಣವಾಗುತ್ತಾರೆ. ಎರಡನೆಯ ಬಗೆಯೊಂದಿದೆ, ಅದು ಕೆಳದುಟಿಗೆ, ಕಿವಿಗೆ, ಮುಂಗೈಗೆ ಬರುವುದು ಹೆಚ್ಚು, ಅದಕ್ಕೆ ಅವಸರವೂ ಹೆಚ್ಚು, ಕುತ್ತಿಗೆಯ ಗ್ರಂಥಿಗಳಿಗೆ ನಡೆದುಹೋಗಬಲ್ಲುದು. ಮೂರನೆಯದಾದ ಮೆಲನೋಮ ಎಲ್ಲಕ್ಕಿಂತ ಕ್ರೂರ. ವಿಚಿತ್ರವೆಂದರೆ, ಕಪ್ಪು ಜನರಲ್ಲಿ ಅದು ಬಿಸಿಲು ಕಾಣದ ಅಂಗಾಲಿಗೆ, ಉಗುರಿನ ಬುಡಕ್ಕೆ ಬರುವುದೇ ಹೆಚ್ಚು. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿ 1981ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಕಾಲುಬೆರಳಿನ ಉಗುರಿನ ಕೆಳಗೆ ಹುಟ್ಟಿದ ಇಂಥ ಗಡ್ಡೆಯಿಂದಲೇ ತೀರಿಕೊಂಡನು. ಬರಿಗಾಲಿನಲ್ಲಿ ಹೊಲದಲ್ಲಿ ತಿರುಗುವವರು ಸ್ನಾನದ ಹೊತ್ತಿಗೆ ಅಂಗಾಲನ್ನೊಮ್ಮೆ ತಿರುವಿ ನೋಡಿಕೊಂಡರೆ ನಷ್ಟವೇನೂ ಇಲ್ಲ.

ಬಿಸಿಲು ಮಾಡುವ ಕೆಲಸವಾದರೂ ಏನು? ಬನಹಟ್ಟಿಯ ನೇಕಾರರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳುಂಟು. ಅವು ಚರ್ಮದ ಕೋಶದೊಳಗಿನ ಅನುವಂಶಿಕ ಎಳೆಯನ್ನು ಅಲ್ಲಲ್ಲಿ ಕೆಡಿಸುತ್ತವೆ. ಕೋಶ ಸುಮ್ಮನಿರುವುದಿಲ್ಲ, ಕೆಟ್ಟ ಎಳೆಯಷ್ಟನ್ನು ಕತ್ತರಿಸಿ ತೆಗೆದು ಹೊಸ ಎಳೆ ಕೂಡಿಸುವುದು. ಈ ಕೂಡಿಸುವ ಕ್ರಮವನ್ನು ಬಿಡಿಸಿ ತೋರಿಸಿದ್ದಕ್ಕೆ ಅಜೀಜ್ ಸಂಜಾರ್ ಎಂಬ ವಿಜ್ಞಾನಿ 2015ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಪಡೆದರು. ಆದರೆ ಅರುವತ್ತು ವರುಷ ಪ್ರತಿದಿನ ಸಾವಿರಾರು ಎಳೆ ಕಡಿದರೆ ಎಂಥ ಕುಶಲ ನೇಕಾರನ ಕೈಯಲ್ಲೂ ಎಲ್ಲೋ ಒಂದು ಗಂಟು ತಪ್ಪಿ ಬೀಳುವುದು. ಬಿಸಿಲು ನಮ್ಮ ಹಳೆಯ ಸಾಹುಕಾರರಂತೆ; ಬಾಲ್ಯದಲ್ಲಿ ಬರೆದಿಟ್ಟ ಬಾಕಿಯನ್ನು ಮುಪ್ಪಿನಲ್ಲಿ ವಸೂಲು ಮಾಡಲು ಬರುವುದು. 1894ರಲ್ಲಿ ಹ್ಯಾಂಬರ್ಗಿನ ಉನ್ನಾ ಎಂಬ ವೈದ್ಯನು ಹಡಗಿನವರ ಮುಖದ ಚರ್ಮವನ್ನು ನೋಡಿ ಈ ಸಂಬಂಧವನ್ನು ಗುರುತಿಸಿದನು. 1928ರಲ್ಲಿ ಫಿಂಡ್ಲೆ ಎಂಬಾತ ಇಲಿಗಳ ಮೇಲೆ ಆ ಕಿರಣ ಬಿಟ್ಟು ಕ್ಯಾನ್ಸರನ್ನು ಹುಟ್ಟಿಸಿಯೇ ತೋರಿಸಿದನು. ಆಗ ನಮ್ಮ ಕಾಕಾ ಅವರು ಹುಟ್ಟಿಯೂ ಇರಲಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಕೆಡಿಸುವುದು ಬಿಸಿಲಿನ ಕಾವಲ್ಲ, ಅದರ ಬೆಳಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ನಾವು ತಾವಾಗಿಯೇ ನೆರಳಿಗೆ ಓಡುತ್ತೇವೆ. ಮೋಸವಾಗುವುದು ಚಳಿಗಾಲದಲ್ಲಿ. ಮುಧೋಳದ ಘಟಪ್ರಭೆಯ ದಂಡೆಗೆ ನವೆಂಬರಿನಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಇಳಿಯುತ್ತವೆ. ಎಳೆಬಿಸಿಲು ಹಿತವಾಗಿರುತ್ತದೆ, ಗಂಡಸರು ಪಟಗಾ ಬಿಚ್ಚಿ ಬದುವಿನ ಮೇಲಿಟ್ಟು ಕುಡುಗೋಲು ಹಿಡಿಯುತ್ತಾರೆ. ಆದರೆ ನಮ್ಮ ಸೀಮೆಯಲ್ಲಿ ಪುಷ್ಯದ ಚಳಿಯಲ್ಲೂ ನಡುಹಗಲಿನ ನೆರಳು ಆಳಿಗಿಂತ ಗಿಡ್ಡವಾಗಿಯೇ ಬೀಳುವುದು. ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟಿನ ಮೊದಲ ವಾರದಲ್ಲಿ ಇನ್ನೊಮ್ಮೆ, ಸುಮಾರಾಗಿ, ಸೂರ್ಯನು ನೆತ್ತಿಯ ನೇರಕ್ಕೇ ಬಂದು ನಿಲ್ಲುವನು. ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ವೈದ್ಯರು ಕಾಕಾ ಅವರಿಗೆ ಕೊಟ್ಟ ಅಳತೆಯೂ ಇದೇ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದಾಗ ಬಯಲಿನಲ್ಲಿ ನಿಲ್ಲಬೇಡಿರಿ. ಗಡಿಯಾರ ಬೇಡ, ಯಂತ್ರ ಬೇಡ. ನೆರಳಿನಿಂದ ಹೊತ್ತು ಅಳೆಯುತ್ತ ಬೆಳೆದ ಮನುಷ್ಯನಿಗೆ ಈ ಒಂದು ಮಾತು ತಟ್ಟನೆ ತಿಳಿಯಿತು. ಗ್ಯಾಂಗಿನ ಹೆಂಗಸರೇ ಈ ವಿಷಯದಲ್ಲಿ ಜಾಣೆಯರು. ರವದಿ ಗೀರೀತೆಂದು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಮುಖಕ್ಕೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ರವದಿಗೆಂದು ಮಾಡಿದ್ದು ಬಿಸಿಲಿಗೂ ಆಯಿತು.

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ 1981ರಿಂದ ಅಂಗಿ ತೊಡಿ, ಮುಲಾಮು ಬಳಿಯಿರಿ, ಟೊಪ್ಪಿಗೆ ಇಡಿ ಎಂದು ಡಂಗುರ ಸಾರಿದರು. ನಮ್ಮ ಹಿರಿಯರು ಡಂಗುರವಿಲ್ಲದೆಯೇ ತುಂಬುತೋಳಿನ ಅಂಗಿ ತೊಟ್ಟು, ಮಾರುಗಟ್ಟಲೆ ಪಟಗಾ ಸುತ್ತಿದವರು. ಆದರೆ ಪಟಗಾದಲ್ಲಿ ಒಂದು ಕೊರತೆಯಿದೆ. ಅದಕ್ಕೆ ಅಂಚಿಲ್ಲ. ತಲೆಯನ್ನು ಕಾಯುವುದು, ಮೂಗಿಗೆ ನೆರಳು ಕೊಡದು. ಈ ಮಾತನ್ನು ನಾನು ಅಂದಾಗ ಕಾಕಾ ಅವರಿಗೆ ಸಿಟ್ಟೇ ಬಂದಿತು.

ಶಸ್ತ್ರಕ್ರಿಯೆ ಸಾಂಗವಾಯಿತು. ಹುಣ್ಣನ್ನೂ ಸುತ್ತಲಿನ ಒಂದಿಷ್ಟು ಒಳ್ಳೆಯ ಚರ್ಮವನ್ನೂ ತೆಗೆದು, ಕೆನ್ನೆಯ ಚರ್ಮವನ್ನು ಸರಿಸಿ ತಂದು ಹೊಲಿದರು. ಅಂಚುಗಳಲ್ಲಿ ರೋಗ ಉಳಿದಿಲ್ಲವೆಂದು ವರದಿ ಬಂದಿತು. ಇಲ್ಲಿಗೆ ಕಥೆ ಮುಗಿಯಿತೆಂದು ನಾವೆಲ್ಲ ತಿಳಿದೆವು. ಬಾಳ್ವೆಯ ಪಾಡು ಆಮೇಲೆಯೇ ಮೊದಲಾಯಿತು.

ಊರಿಗೆ ಮರಳಿದ ವಾರದಲ್ಲಿ ಚಹದ ಅಂಗಡಿಯವನು ಕಾಕಾ ಅವರಿಗೆಂದು ಒಂದು ಕಪ್ಪನ್ನು ಬೇರೆಯಾಗಿ ಇಟ್ಟನು. ಆತ ಕೆಟ್ಟವನಲ್ಲ. ಮಿಕ್ಕ ಗಿರಾಕಿಗಳು ಅಂಜಿದ್ದರು. ಕ್ಯಾನ್ಸರ್ ಮುಟ್ಟಿದರೆ ಹತ್ತುವುದಲ್ಲ, ಉಸಿರಿನಿಂದಲೂ ಎಂಜಲಿನಿಂದಲೂ ಬರುವುದಲ್ಲ ಎಂದು ನಾನು ಆ ಅಂಗಡಿಯಲ್ಲಿ ನಿಂತು ಭಾಷಣ ಮಾಡಿದೆ. ಎಲ್ಲರೂ ಹೌದು ಹೌದೆಂದರು. ಕಪ್ಪು ಬೇರೆಯಾಗಿಯೇ ಉಳಿಯಿತು. ಕಾಕಾ ಜಗಳವಾಡಲಿಲ್ಲ. ಮನೆಯಿಂದ ತಮ್ಮದೇ ಹಿತ್ತಾಳೆಯ ಲೋಟ ಒಯ್ಯತೊಡಗಿದರು. ಆರು ತಿಂಗಳ ಮೇಲೆ ಒಂದು ದಿನ ಅಂಗಡಿಯವನೇ ಅವರ ಕೈಯಿಂದ ಲೋಟ ಇಸಿದುಕೊಂಡು ಎಲ್ಲರಂತೆ ಗಾಜಿನ ಕಪ್ಪಿನಲ್ಲಿ ಕೊಟ್ಟನಂತೆ. ಯಾಕೆಂದು ಅವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಟೊಪ್ಪಿಗೆಯದು ಇನ್ನೂ ದೊಡ್ಡ ವ್ಯಾಜ್ಯ. ಅಗಲ ಅಂಚಿನ ಒಂದು ಟೊಪ್ಪಿಗೆಯನ್ನು ನಾನೇ ಕೊಂಡು ಹೋಗಿ ಕೊಟ್ಟೆ. “ತಮ್ಮಾ, ಅಪ್ಪ ಕಟ್ಟಿದ ಪಟಗಾ ತಗದು ಇದನ್ನ ಇಟಗೊಂಡ್ರ ನಾ ಏನ ಕಲೆಕ್ಟರ್ ಸಾಹೇಬನೇನು?” ಎಂದು ಗೂಟಕ್ಕೆ ಸಿಕ್ಕಿಸಿದರು. ಅಲ್ಲಿಯೇ ಅದು ಮೂರು ತಿಂಗಳು ತೂಗಾಡಿತು. ಕೊನೆಗೆ ಒಪ್ಪಂದ ಮಾಡಿಸಿದವಳು ಸೊಸೆ. ಹೊಲಕ್ಕೆ ಟೊಪ್ಪಿಗೆ, ಊರೊಳಗೆ ಪಟಗಾ. ಊರ ಅಗಸಿಯ ಹೊರಗಿನ ಬೇವಿನ ಮರದ ಕೆಳಗೆ ಬದಲಾವಣೆಯಾಗುವುದು. ಯಾರೂ ನೋಡುತ್ತಿಲ್ಲವೆಂದು ಕಾಕಾ ತಿಳಿದಿದ್ದಾರೆ, ಇಡೀ ಊರು ನೋಡಿದೆ. ಬಿಸಿಲಿಗೆ ಹಚ್ಚುವ ಮುಲಾಮಿನ ಕಥೆ ಬೇರೆ. ಅದರಿಂದ ಗುಣವುಂಟೆಂಬುದು ನಿಜ. ಆಸ್ಟ್ರೇಲಿಯದ ನ್ಯಾಂಬೂರ್ ಎಂಬ ಊರಿನಲ್ಲಿ 1992ರಿಂದ ನಾಲ್ಕೂವರೆ ವರುಷ ಪ್ರತಿದಿನ ಹಚ್ಚಿಸಿ ನೋಡಿದಾಗ ಎರಡನೆಯ ಬಗೆಯ ಕ್ಯಾನ್ಸರ್ ನೂರಕ್ಕೆ ಸುಮಾರು 40ರಷ್ಟು ಇಳಿಯಿತು. ಆದರೆ ಬೆವರಿನಲ್ಲಿ ಅದು ನಿಲ್ಲದು, ಎರಡು ತಾಸಿಗೊಮ್ಮೆ ಮತ್ತೆ ಬಳಿಯಬೇಕು, ಟ್ಯೂಬಿನ ಬೆಲೆ ಕೂಲಿಯವನಿಗೆ ನಿಲುಕದು. ಕಾಕಾ ಮೂಗಿಗೆ, ಕಿವಿಗೆ ಅಷ್ಟೇ ಹಚ್ಚುತ್ತಾರೆ, ಅದೂ ಬಾಗಿಲು ಮುಚ್ಚಿಕೊಂಡು.

ಇನ್ನು ಹೊತ್ತಿನ ಮಾತು. ನಸುಕಿನ ಐದೂವರೆಯಿಂದ ಒಂಬತ್ತೂವರೆಯವರೆಗೆ, ಮತ್ತೆ ನಾಲ್ಕರ ಮೇಲೆ ಹೊಲ, ನಡುವೆ ಮನೆ ಎಂದು ಗೊತ್ತುಮಾಡಿಕೊಂಡರು. ಆದರೆ ಪಂಪಸೆಟ್ಟಿಗೆ ವಿದ್ಯುತ್ತು ಬರುವುದು ತನ್ನ ಹೊತ್ತಿಗೆ. ಅದು ಹಗಲು ಹನ್ನೊಂದಕ್ಕೆ ಬಂದರೆ, ವೈದ್ಯರು ಬೇಡವೆಂದರೆಂದು ಕಬ್ಬು ಒಣಗಿಸಲಾದೀತೇ? ಮಗನಿದ್ದಾನೆ, ಅವನ ಮೂಗೂ ಮೂಗೇ. ಆದುದರಿಂದ ಮಡಿಯ ತಲೆಗೆ ನಾಲ್ಕು ಗಳ ನೆಟ್ಟು ರವದಿಯ ಒಂದು ಚಪ್ಪರ ಹಾಕಿದ್ದಾರೆ. ನೀರು ತಿರುವುವುದು, ಬಂದು ನೆರಳಿಗೆ ನಿಲ್ಲುವುದು, ಮತ್ತೆ ಹೋಗಿ ತಿರುವುವುದು. ಮೊಮ್ಮಗಳನ್ನು ಕೊಟ್ಟ ಬೀಳಗಿಯ ಕಡೆಯಲ್ಲಿ ನೆರಳಿಗೇ ಬರ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಊರುಗಳೊಡನೆ ಅಲ್ಲಿಯ ಬೇವು, ಹುಣಸೆಗಳೂ ಮುಳುಗಿದವು. ಹೊಸ ಊರಿನ ಅಂಗಳಕ್ಕೆ ಕಾಕಾ ಬೀಗರಿಗೆಂದು ಐದು ಬೇವಿನ ಸಸಿ ಒಯ್ದರು. ಆಗಲೇ ಆ ಹಳೆಯ ಸುಳ್ಳನ್ನೂ ಒಪ್ಪಿಕೊಂಡು ಬಂದರಂತೆ. ಬೀಗರು ನಕ್ಕು, “ನಮಗ ಅವತ್ತs ಗೊತ್ತಿತ್ರೀ” ಎಂದರಂತೆ.

ನೆರಳೆಂದಾಗ ರಬಕವಿಯ ನಮ್ಮ ನಂಟರ ಮನೆಯ ಹುಡುಗಿ ನೆನಪಾಗುತ್ತಾಳೆ. ಹುಟ್ಟಿನಿಂದಲೇ ಅವಳ ಮೈಯಲ್ಲಿ ಬಣ್ಣವಿಲ್ಲ. ಕೂದಲು ಜೋಳದ ದಂಟಿನ ಬಣ್ಣ, ಬೆಳಕಿಗೆ ಕಣ್ಣು ನಿಲ್ಲದು. ಇದು ತೊನ್ನಲ್ಲ, ಶಾಪವಲ್ಲ. ತಾಯಿ-ತಂದೆ ಇಬ್ಬರಿಂದಲೂ ಒಂದೊಂದು ಕುಂದಿದ ಅಂಶ ಬಂದು ಕೂಡಿದರೆ ಹೀಗಾಗುವುದು. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಮನೆಗಳಲ್ಲಿ ಆ ಕೂಡಿಕೆಗೆ ಅವಕಾಶ ಹೆಚ್ಚು. ನಾನು ಮೇಲೆ ಹೇಳಿದ ಕೊಡೆ ಅವಳಿಗೆ ಇಲ್ಲವೇ ಇಲ್ಲ. ಇಂಥವರು ಬಯಲಿನಲ್ಲಿ ದುಡಿದರೆ ಇಪ್ಪತ್ತು-ಮೂವತ್ತರ ವಯಸ್ಸಿಗೇ ಕ್ಯಾನ್ಸರ್ ಬರಬಹುದು. ಅವಳ ಪುಣ್ಯಕ್ಕೆ ಅದು ನೇಕಾರರ ಮನೆ. ಮಗ್ಗದ ಮಗ್ಗುಲಿಗೆ ಕುಳಿತು ಕಂಡಿಕೆ ಸುತ್ತುತ್ತ ದಿನ ಕಳೆಯುತ್ತಾಳೆ. ಅದೇ ಹುಡುಗಿ ಹೊಲದವರ ಮನೆಯಲ್ಲಿ ಹುಟ್ಟಿದ್ದರೆ? ಶಾಲೆಗೆ ಹೋಗುವಾಗ ಕೊಡೆ ಹಿಡಿದರೆ ಹುಡುಗರು ನಗುತ್ತಾರೆಂದು ಅತ್ತು ಬಿಟ್ಟಳು. ಮನೆಯವರು ಶಾಲೆಯನ್ನೇ ಬಿಡಿಸಿದರು. ಕೊಡೆ ಹಿಡಿಸಿ ಕಳಿಸಬೇಕಾಗಿತ್ತು ಎಂಬುದು ನನ್ನ ವಾದ. ಆ ಮನೆಯಲ್ಲಿ ನನ್ನ ಮಾತು ನಡೆಯಲಿಲ್ಲ.

ಚರ್ಮದ ಕ್ಯಾನ್ಸರಿಗೆ ಬಿಸಿಲೊಂದೇ ಕಾರಣವೆಂದು ನಾನು ಹೇಳಿದರೆ ತಪ್ಪಾದೀತು. ಕಾಶ್ಮೀರದಲ್ಲಿ ನಿಲುವಂಗಿಯೊಳಗೆ ಕೆಂಡದ ಕಾಂಗಡಿ ಇಟ್ಟುಕೊಳ್ಳುವವರ ಹೊಟ್ಟೆಗೆ, ತೊಡೆಗೆ ಇದು ಬರುವುದನ್ನು 1866ರಲ್ಲಿ ಎಲ್ಮ್ಸ್ಲಿ ಎಂಬ ವೈದ್ಯನು ಬರೆದನು. 1945ರಲ್ಲಿ ಮುಂಬಯಿಯ ಡಾ. ಖಾನೋಲ್ಕರರು ದೋತರ ಬಿಗಿದು ಉಡುವ ಸೊಂಟದ ಜಾಗದಲ್ಲಿ ಬರುವುದನ್ನು ಬರೆದರು. ಮುಂದೆ ಸೀರೆಯ ಒಳಲಂಗದ ಲಾಡಿಯಿಂದಲೂ ಹಾಗಾಗುವುದು ಕಂಡುಬಂತು. ಸುಟ್ಟ ಗಾಯದ ಹಳೆಯ ಕಲೆಯಲ್ಲಿ, ಹತ್ತಾರು ವರುಷ ಕಳೆದ ಮೇಲೆ, ಮಾಯದ ಹುಣ್ಣಾಗಿ ಏಳುವುದೂ ಉಂಟು. ಮಹಾಲಿಂಗಪುರದ ಸುತ್ತ ಬೆಲ್ಲದ ಕೊಪ್ಪರಿಗೆಯ ಮುಂದೆ ದುಡಿದು ಕೈಕಾಲು ಸುಟ್ಟುಕೊಂಡವರು ಇದನ್ನು ಓದಿದರೆ, ಆ ಕಲೆಯಲ್ಲಿ ಹೊಸ ಹುಣ್ಣೆದ್ದರೆ ಅಸಡ್ಡೆ ಮಾಡಬಾರದು. ಎಲ್ಲೇ ಆಗಲಿ, ತಿಂಗಳೊಪ್ಪತ್ತಿನಲ್ಲಿ ಮಾಯದ ಹುಣ್ಣನ್ನು ಮುಲಾಮಿಗೆ ಬಿಡದೆ ಒಂದು ತುಣುಕು ಪರೀಕ್ಷೆ ಮಾಡಿಸುವುದು ಲೇಸು. ಈಗ ಮಿರಜಿಗೇ ಹೋಗಬೇಕೆಂದಿಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ.

ಒಮ್ಮೆ ಬಂದವರಿಗೆ ಇನ್ನೊಂದೆಡೆ ಬರುವ ಸಂಭವ ಉಳಿದವರಿಗಿಂತ ಹೆಚ್ಚೆಂದು ವೈದ್ಯರು ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಹೋದ ವರುಷ ಬಲಗಿವಿಯ ಹಿಂದೆ ಇನ್ನೊಂದು ಚುಕ್ಕೆ. ಈ ಸಲ ಅದನ್ನು ಕಂಡವಳು ಚಿಗವ್ವ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮುಂಜಾನೆ, ಕಾಕಾ ಅವರನ್ನು ಅಂಗಳದಲ್ಲಿ ಕೂಡ್ರಿಸಿ, ತಲೆ, ಕಿವಿ, ಕುತ್ತಿಗೆ, ಬೆನ್ನು ತಿರುವಿ ತಿರುವಿ ನೋಡುತ್ತಾಳೆ. ಎತ್ತು ಕೊಳ್ಳುವವರು ನೋಡಿದಂತೆ ಎಂದು ಕಾಕಾ ಗೊಣಗುತ್ತಾರೆ. ಎಳ್ಳುಕಾಳಿನಷ್ಟಿದ್ದಾಗಲೇ ಹಿಡಿದಳು. ಅರ್ಧ ತಾಸಿನ ಕೆಲಸವಾಯಿತು. ಅದೇ ದಿನ ಸಂಜೆಯ ಬಸ್ಸಿಗೆ ಮನೆಗೆ ಬಂದರು. ಐಶ್ವರ್ಯದ ಮಚ್ಚೆಯ ಮಾತನ್ನು ಈಗ ಯಾರಾದರೂ ಎತ್ತಿದರೆ ಅವಳಿಗೆ ಸೇರುವುದಿಲ್ಲ.

ಮುಂದಿನ ತಪಾಸಣೆ ಕಾರ್ತಿಕದಲ್ಲಿದೆ. ಆ ವಾರವೇ ಕಬ್ಬು ಕಡಿಯುವ ಗ್ಯಾಂಗು ಬರುವುದೆಂದು ಗೊತ್ತಾಗಿ, “ಎಂಟು ದಿನ ಮುಂದ ಹಾಕಿದ್ರ ನಡೀತೈತೇನು, ಕೇಳಿ ಬಾ ತಮ್ಮಾ” ಎಂದು ಕಾಕಾ ನನಗೆ ಫೋನು ಮಾಡಿದ್ದರು. ನಾನು ಉತ್ತರ ಕೊಡುವಷ್ಟರಲ್ಲಿ ಆ ಕಡೆ ಫೋನು ಚಿಗವ್ವನ ಕೈಗೆ ಹೋಯಿತು. ತಪಾಸಣೆ ಗೊತ್ತಾದ ದಿನವೇ ಆಗುವುದು.